ಮಧುಮೇಹಿಗಳಲ್ಲಿ ಜೀವಸತ್ವ ‘ಡಿ’ ಮತ್ತು ಉತ್ಕರ್ಷಣದ ಒತ್ತಡ: ಒಂದು ಅಧ್ಯಯನ

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆಯು ಮಿತಿಮೀರಿ ಏರುವ ವ್ಯಾಧಿಯೆಂಬುದು ಸರ್ವವಿದಿತವಾದ ಸಂಗತಿ. ಆದರೆ ಹೀಗೆ ಏರಿದ ಸಕ್ಕರೆಯು ಕಣ್ಣಿನ ಅಕ್ಷಿಪಟಲವನ್ನೂ ಮೂತ್ರಪಿಂಡವನ್ನೂ ಕಾಲಿನ ನರಗಳನ್ನೂ ಯಾವ ಬಗೆಯಿಂದ ಕೆಡಿಸುತ್ತದೆಂಬುದನ್ನು ಬಲ್ಲವರು ವಿರಳ. ಸಕ್ಕರೆ ತಾನೇ ವಿಷವಲ್ಲ. ನಮ್ಮ ಪ್ರತಿಯೊಂದು ಜೀವಕೋಶವೂ ಅದನ್ನು ಉರಿಸಿ ಬದುಕುತ್ತದೆ. ಕೇಡು ಇರುವುದು ಆ ಉರಿಯುವಿಕೆ ಹದ ತಪ್ಪಿದಾಗ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ದೇಶವ್ಯಾಪಿ ಸಮೀಕ್ಷೆಯು ಭಾರತದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿ 10 ಲಕ್ಷವೆಂದೂ, ಅದರ ಪೂರ್ವಾವಸ್ಥೆಯಲ್ಲಿರುವವರನ್ನು 13 ಕೋಟಿ 60 ಲಕ್ಷವೆಂದೂ ಅಂದಾಜು ಮಾಡಿತು. ಇಂತಹ ರೋಗಿಗಳಿಗೆ ಈಗ ವೈದ್ಯರು ರಕ್ತಪರೀಕ್ಷೆಯ ಚೀಟಿಯಲ್ಲಿ ಜೀವಸತ್ವ ‘ಡಿ’ಯನ್ನೂ ಸೇರಿಸಿ ಬರೆಯುವುದು ರೂಢಿಯಾಗಿದೆ. ಫಲಿತಾಂಶ ಬಹುಮಟ್ಟಿಗೆ ಕಡಿಮೆಯೆಂದೇ ಬರುತ್ತದೆ. ಕೂಡಲೇ ವಾರಕ್ಕೊಂದರಂತೆ ಒಂದು ಔಷಧಿ ಮನೆಗೆ ಬರುತ್ತದೆ. ಅದು ಏಕೆ, ಅದರಿಂದ ಆಗುವುದೇನು, ಆಗದಿರುವುದೇನು, ವ್ರತನಿಯಮಗಳನ್ನು ಪಾಲಿಸುವವರು ಅದನ್ನು ಹೇಗೆ ಪರಿಭಾವಿಸಬೇಕು ಎಂಬುದು ಪ್ರಸ್ತುತ ಲೇಖನದ ವಿಚಾರ.

ಮೊದಲು ಉತ್ಕರ್ಷಣವೆಂದರೇನೆಂಬುದನ್ನು ತಿಳಿಯಬೇಕು. ಕಬ್ಬಿಣ ತುಕ್ಕು ಹಿಡಿಯುವುದು, ಕೊಯ್ದಿಟ್ಟ ಬದನೆಕಾಯಿ ಕಪ್ಪಾಗುವುದು, ಹಳೆಯ ಎಣ್ಣೆ ಕನರು ವಾಸನೆ ಬೀರುವುದು, ಇವೆಲ್ಲ ಆಮ್ಲಜನಕವು ಪದಾರ್ಥದೊಡನೆ ಕೂಡಿ ಮಾಡುವ ಕೆಲಸ. ನಮ್ಮ ಮನೆಗಳಲ್ಲಿ ಹಿಟ್ಟಿಗೂ ತಿಂಡಿಗೂ ಇಂತಿಷ್ಟು ದಿನವೆಂಬ ಮರ್ಯಾದೆಯನ್ನು ಗೃಹಿಣಿಯರು ತಪ್ಪದೆ ಪಾಲಿಸುತ್ತಾರೆ. ಅದರ ಕಾರಣ ಜೀವೋತ್ಪತ್ತಿಯ ವಿಚಾರಕ್ಕೆ ಸೇರಿದುದಾದರೂ, ಹಳೆಯದಾದ ಹಿಟ್ಟಿನ ಕಹಿಯನ್ನು ನಾಲಗೆಯಿಂದ ಬಲ್ಲ ಗೃಹಿಣಿಗೆ ಉತ್ಕರ್ಷಣವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಇದೇ ಕ್ರಿಯೆ ದೇಹದ ಒಳಗೂ ನಡೆಯುತ್ತಿರುತ್ತದೆ. ಜೀವಕೋಶದಲ್ಲಿ ಮೈಟೊಕಾಂಡ್ರಿಯವೆಂಬ ಸೂಕ್ಷ್ಮವಾದ ಒಲೆಗಳಿವೆ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಅಲ್ಲಿ ಕೈಯಿಂದ ಕೈಗೆ ಸಾಗಿ ಕಡೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ದಾರಿಯಲ್ಲಿ ಬಿಡುಗಡೆಯಾಗುವ ಶಕ್ತಿಯಿಂದ ನಾವು ನಡೆಯುತ್ತೇವೆ, ಉಸಿರಾಡುತ್ತೇವೆ, ಯೋಚಿಸುತ್ತೇವೆ. ಆದರೆ ಕೆಲವು ಎಲೆಕ್ಟ್ರಾನುಗಳು ಸಾಲು ತಪ್ಪಿ ಅಕಾಲದಲ್ಲೇ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಹೀಗೆ ಹುಟ್ಟಿದ ಸೂಪರಾಕ್ಸೈಡ್ ಎಂಬ ಅಣುವು ಒಲೆಯಿಂದ ಸಿಡಿದ ಕಿಡಿಯಂತೆ. ಎಲ್ಲಿ ಬಿದ್ದರೆ ಅಲ್ಲಿ ಸುಡುತ್ತದೆ.

ಈ ಕಿಡಿಗಳನ್ನು ಆರಿಸಲು ದೇಹವು ತನ್ನದೇ ಆದ ವ್ಯವಸ್ಥೆಯನ್ನು ಮಾಡಿಕೊಂಡಿದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವು ಇಂತಹ ಕಾವಲುಗಾರರಲ್ಲಿ ಪ್ರಮುಖವಾದುದು. ಅದನ್ನು 1969ರಲ್ಲಿ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಕೆಟಲೇಸ್ ಎಂಬ ಕಿಣ್ವವೂ ಗ್ಲೂಟಾಥಯೋನ್ ಎಂಬ ಚಿಕ್ಕ ಅಣುವೂ ಅದರ ಸಹಕಾರಿಗಳು. ಕಿಡಿಗಳ ಸಂಖ್ಯೆ ಕಾವಲುಗಾರರ ಶಕ್ತಿಯನ್ನು ಮೀರಿದ ಸ್ಥಿತಿಗೆ ಉತ್ಕರ್ಷಣದ ಒತ್ತಡವೆಂಬ ಹೆಸರನ್ನು 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಬಳಕೆಗೆ ತಂದರು. ಗಮನಿಸಬೇಕಾದ ಅಂಶವೆಂದರೆ ಕಿಡಿಗಳು ಸಂಪೂರ್ಣವಾಗಿ ಇಲ್ಲದಿರುವುದೂ ದೇಹಕ್ಕೆ ಹಿತವಲ್ಲ. ರೋಗಾಣುಗಳನ್ನು ಎದುರಿಸುವ ಬಿಳಿಯ ರಕ್ತಕಣಗಳು ಇವನ್ನೇ ಆಯುಧವಾಗಿ ಬಳಸುತ್ತವೆ. ಆದುದರಿಂದ ಪ್ರಶ್ನೆ ಇರುವುದು ಸಮತೋಲದ್ದು.

ಮಧುಮೇಹದಲ್ಲಿ ಈ ಸಮತೋಲ ತಪ್ಪುವ ಬಗೆಯನ್ನು ಅಮೆರಿಕದ ಮೈಕೆಲ್ ಬ್ರೌನ್‌ಲೀಯವರು 2001ರಲ್ಲಿ ಒಂದು ಏಕಸೂತ್ರವಾಗಿ ಪ್ರತಿಪಾದಿಸಿದರು. ಸ್ನಾಯುವಿನ ಜೀವಕೋಶವು ಹೊರಗೆ ಸಕ್ಕರೆ ಹೆಚ್ಚಿದಾಗ ಬಾಗಿಲನ್ನು ಸ್ವಲ್ಪ ಮುಚ್ಚಿಕೊಳ್ಳಬಲ್ಲದು. ಅಕ್ಷಿಪಟಲದ ಸೂಕ್ಷ್ಮ ರಕ್ತನಾಳ, ಮೂತ್ರಪಿಂಡದ ಸೋಸುವ ಗುಚ್ಛ, ನರದ ಪೋಷಕ ಕೋಶ, ಇವುಗಳಿಗೆ ಆ ಶಕ್ತಿಯಿಲ್ಲ. ಹೊರಗೆ ಎಷ್ಟಿದೆಯೋ ಅಷ್ಟು ಒಳಗೆ ನುಗ್ಗುತ್ತದೆ. ಒಲೆಗೆ ಸೌದೆಯನ್ನು ಅತಿಯಾಗಿ ತುರುಕಿದಾಗ ಕಿಡಿ ಹೆಚ್ಚುವಂತೆ ಅಲ್ಲಿ ಸೂಪರಾಕ್ಸೈಡ್ ಹೆಚ್ಚುತ್ತದೆ. ಅದು ಕೋಶದೊಳಗಿನ ಅನುವಂಶಿಕ ತಂತುವಿಗೆ ಪೆಟ್ಟು ಕೊಡುತ್ತದೆ. ಆ ಪೆಟ್ಟನ್ನು ಸರಿಪಡಿಸುವ ಧಾವಂತದಲ್ಲಿ ಸಕ್ಕರೆಯನ್ನು ಕ್ರಮವಾಗಿ ಒಡೆಯುವ ಒಂದು ಕಿಣ್ವವು ಸ್ತಬ್ಧವಾಗುತ್ತದೆ. ದಾರಿ ಕಟ್ಟಿದ ಸಕ್ಕರೆಯು ಅಡ್ಡದಾರಿಗಳನ್ನು ಹಿಡಿದು ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಕಣ್ಣು, ಮೂತ್ರಪಿಂಡ, ನರ ಈ ಮೂರೂ ಒಂದೇ ರೋಗಿಯಲ್ಲಿ ಒಟ್ಟೊಟ್ಟಿಗೆ ಹಾಳಾಗುವುದೇಕೆಂಬುದಕ್ಕೆ ಇದಕ್ಕಿಂತ ಸಮರ್ಪಕವಾದ ವಿವರಣೆ ಇಂದಿಗೂ ದೊರೆತಿಲ್ಲವೆಂದೇ ನಮ್ಮ ಅಭಿಪ್ರಾಯ.

ಇನ್ನೊಂದು ವೈಪರೀತ್ಯವಿದೆ. ಇನ್ಸುಲಿನ್ನನ್ನು ಸ್ರವಿಸುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಕೆಟಲೇಸ್ ಮೊದಲಾದ ಕಾವಲು ಕಿಣ್ವಗಳು ಯಕೃತ್ತಿನಲ್ಲಿರುವುದಕ್ಕಿಂತ ಅತ್ಯಲ್ಪ ಪ್ರಮಾಣದಲ್ಲಿವೆ. ಮನೆಯ ಬೀಗದ ಕೈಯನ್ನು ಅತ್ಯಂತ ದುರ್ಬಲನಾದ ಕಾವಲುಗಾರನ ವಶಕ್ಕೆ ಕೊಟ್ಟಂತಾಯಿತು. ಸಕ್ಕರೆ ಏರಿದಷ್ಟೂ ಬೀಟಾ ಕೋಶ ಸುಡುತ್ತದೆ. ಅದು ಸುಟ್ಟಷ್ಟೂ ಇನ್ಸುಲಿನ್ ಇಳಿದು ಸಕ್ಕರೆ ಏರುತ್ತದೆ.

ಈಗ ಜೀವಸತ್ವ ‘ಡಿ’ಯ ಕಡೆಗೆ ತಿರುಗೋಣ. ಇದರ ಚರಿತ್ರೆಯು ಮಕ್ಕಳ ಮೂಳೆಗಳು ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗದಿಂದ ಆರಂಭವಾಗುತ್ತದೆ. ಮೋಡ ಕವಿದ, ಹೊಗೆ ತುಂಬಿದ ಯೂರೋಪಿನ ಕೈಗಾರಿಕಾ ನಗರಗಳಲ್ಲಿ ಇದು ಮನೆಮನೆಯ ರೋಗವಾಗಿತ್ತು. 1919ರ ಸುಮಾರಿಗೆ ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್‌ಬಿಯು ನಾಯಿಮರಿಗಳಲ್ಲಿ ಆಹಾರದ ಕೊರತೆಯಿಂದ ಈ ರೋಗ ಬರುವುದನ್ನೂ ಮೀನಿನ ಯಕೃತ್ತಿನ ಎಣ್ಣೆಯಿಂದ ಅದು ತಡೆಯಲ್ಪಡುವುದನ್ನೂ ತೋರಿಸಿದನು. ಅದೇ ವರ್ಷ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿಯು ಯಾವ ಎಣ್ಣೆಯನ್ನೂ ಕೊಡದೆ, ಕೇವಲ ನೇರಳಾತೀತ ಕಿರಣದ ದೀಪದ ಮುಂದೆ ಮಕ್ಕಳನ್ನು ಕೂರಿಸಿ ಅದೇ ರೋಗವನ್ನು ಗುಣಪಡಿಸಿದನು. ಒಂದು ಆಹಾರ, ಇನ್ನೊಂದು ಬೆಳಕು. ಎರಡರ ಫಲವೂ ಒಂದೇ ಆದದ್ದು ಅಂದಿನ ಪಂಡಿತರನ್ನು ಬೆರಗುಗೊಳಿಸಿತು. 1922ರಲ್ಲಿ ಅಮೆರಿಕದ ಮೆಕ್‌ಕಾಲಮ್ ಆ ಎಣ್ಣೆಯನ್ನು ಕಾಯಿಸಿ ಅದರಲ್ಲಿ ಆಮ್ಲಜನಕವನ್ನು ಹಾಯಿಸಿದನು. ಉತ್ಕರ್ಷಣದಿಂದ ಜೀವಸತ್ವ ‘ಎ’ ನಾಶವಾಯಿತು. ಮೂಳೆಯನ್ನು ಗಟ್ಟಿಗೊಳಿಸುವ ಗುಣ ಮಾತ್ರ ಉಳಿಯಿತು. ಉಳಿದ ಆ ಸತ್ವಕ್ಕೇ ‘ಡಿ’ ಎಂಬ ಹೆಸರಾಯಿತು. ಉತ್ಕರ್ಷಣವನ್ನು ಎದುರಿಸಿ ನಿಂತದ್ದರಿಂದಲೇ ಗುರುತಿಸಲ್ಪಟ್ಟ ಪದಾರ್ಥವನ್ನು ಉತ್ಕರ್ಷಣದ ಶಮನಕಾರಿಯೆಂದು ಒಂದು ಶತಮಾನದ ಬಳಿಕ ಪರೀಕ್ಷಿಸುತ್ತಿರುವುದು ಕಾಕತಾಳೀಯವೇ ಸರಿ. ಇಂತಹ ಸ್ಟೆರಾಲುಗಳ ರಚನೆಯನ್ನೂ ಜೀವಸತ್ವಗಳೊಡನೆ ಅವುಗಳ ಸಂಬಂಧವನ್ನೂ ವಿಶದಪಡಿಸಿದ ಜರ್ಮನಿಯ ಅಡಾಲ್ಫ್ ವಿಂಡಾಸ್‌ಗೆ 1928ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. (ಮೂಕಪ್ರಾಣಿಗಳನ್ನು ರೋಗಕ್ಕೆ ಒಡ್ಡಿ ಪಡೆದ ಈ ಜ್ಞಾನವನ್ನು ಓದುವಾಗ ನಮ್ಮಂಥವರ ಮನಸ್ಸು ಕುಗ್ಗುವುದು ಸಹಜ. ಹುಲ್ಡ್‌ಶಿನ್ಸ್ಕಿಯ ದೀಪಕ್ಕೆ ಯಾವ ಪ್ರಾಣಿಯೂ ಬೇಕಾಗಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.)

ವಾಸ್ತವವಾಗಿ ಇದನ್ನು ಜೀವಸತ್ವವೆಂದು ಕರೆಯುವುದೇ ಅಷ್ಟು ಸರಿಯಲ್ಲ. ಜೀವಸತ್ವಗಳನ್ನು ಆಹಾರದಿಂದಲೇ ಪಡೆಯಬೇಕು. ಇದನ್ನಾದರೋ ನಮ್ಮ ಚರ್ಮವೇ ತಯಾರಿಸುತ್ತದೆ. ಚರ್ಮದಲ್ಲಿ ಕೊಲೆಸ್ಟರಾಲಿನ ಸೋದರಸಂಬಂಧಿಯಾದ ಒಂದು ಪದಾರ್ಥವಿದೆ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ‘ಬಿ’ ಎಂಬ ವರ್ಗದವು ಅದರ ಮೇಲೆ ಬಿದ್ದಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಬಳಿಕ ಮೈಯ ಬಿಸಿಗೆ ಅದು ‘ಡಿ-3’ ಆಗಿ ಮಾರ್ಪಡುತ್ತದೆ. ಅದು ರಕ್ತದ ಮೂಲಕ ಯಕೃತ್ತನ್ನು ಸೇರಿ ಅಲ್ಲಿ ಒಂದು ಸಂಸ್ಕಾರವನ್ನು ಪಡೆಯುತ್ತದೆ. ಪ್ರಯೋಗಾಲಯದವರು ರಕ್ತದಲ್ಲಿ ಅಳೆಯುವುದು ಈ ರೂಪವನ್ನೇ. ಅನಂತರ ಮೂತ್ರಪಿಂಡದಲ್ಲಿ ಎರಡನೆಯ ಸಂಸ್ಕಾರವಾಗಿ ಅದು ಪೂರ್ಣ ಕಾರ್ಯಶಕ್ತಿಯನ್ನು ತಳೆಯುತ್ತದೆ. ಈ ಎರಡು ರೂಪಗಳೂ 1968ರಿಂದ 1971ರ ಅವಧಿಯಲ್ಲಿ ಗುರುತಿಸಲ್ಪಟ್ಟವು. ಮೂಳೆ, ಕರುಳುಗಳಲ್ಲಿ ಮಾತ್ರವಲ್ಲದೆ ಸ್ನಾಯು, ಬಿಳಿಯ ರಕ್ತಕಣ, ಇನ್ಸುಲಿನ್ ಸ್ರವಿಸುವ ಬೀಟಾ ಕೋಶ, ಇವೆಲ್ಲವುಗಳಲ್ಲಿಯೂ ಇದನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆಯೆಂಬುದು ಆಮೇಲೆ ತಿಳಿದುಬಂದಿತು.

ಗ್ರಾಹಕ ಇದ್ದಮೇಲೆ ಅದಕ್ಕೊಂದು ಕಾರ್ಯವೂ ಇರಬೇಕಲ್ಲವೇ? 1980ರಲ್ಲಿ ಕ್ಯಾಲಿಫೋರ್ನಿಯದ ಆಂಟನಿ ನಾರ್ಮನ್ ಮತ್ತು ಸಂಗಡಿಗರು ‘ಡಿ’ಯ ಕೊರತೆಯಿರುವ ಇಲಿಗಳ ಮೇದೋಜೀರಕ ಗ್ರಂಥಿಯು, ‘ಡಿ’ಯನ್ನು ಮರಳಿ ಪಡೆದ ಇಲಿಗಳಿಗಿಂತ ಶೇಕಡ 48ರಷ್ಟು ಕಡಿಮೆ ಇನ್ಸುಲಿನ್ನನ್ನು ಸ್ರವಿಸುತ್ತದೆಂದು ವರದಿ ಮಾಡಿದರು. ಅಲ್ಲಿಂದ ಮುಂದೆ ಅನೇಕ ಪ್ರಯೋಗಾಲಯಗಳು ಈ ದಾರಿಯಲ್ಲಿ ನಡೆದಿವೆ. ಕ್ರಿಯಾಶೀಲವಾದ ‘ಡಿ’ಯು ಜೀವಕೋಶದ ಕೇಂದ್ರವನ್ನು ಪ್ರವೇಶಿಸಿ ಕಾವಲು ಕಿಣ್ವಗಳ ತಯಾರಿಕೆಯನ್ನು ಪ್ರೋತ್ಸಾಹಿಸುತ್ತದೆ, ಗ್ಲೂಟಾಥಯೋನಿನ ಸಂಗ್ರಹವನ್ನು ಹೆಚ್ಚಿಸುತ್ತದೆ, ಉರಿಯೂತವನ್ನು ಹಬ್ಬಿಸುವ ಸಂಕೇತಗಳನ್ನು ತಗ್ಗಿಸುತ್ತದೆ ಎಂಬುದಕ್ಕೆ ಅಲ್ಲಿ ಸಾಕಷ್ಟು ಆಧಾರ ದೊರೆತಿದೆ. ಅಂದರೆ ಅದು ತಾನೇ ಕಿಡಿಯನ್ನು ನುಂಗುವುದಕ್ಕಿಂತ ಹೆಚ್ಚಾಗಿ, ಕಾವಲುಗಾರರನ್ನು ನೇಮಿಸುವ ಅಧಿಕಾರಿಯಂತೆ ವರ್ತಿಸುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೆ, ಟೆಹ್ರಾನಿನಲ್ಲಿ ನಡೆದ ಒಂದು ಪ್ರಯೋಗವು ನಮ್ಮ ಓದುಗರಿಗೆ ವಿಶೇಷ ರುಚಿಕರವಾಗಬಹುದು. ಇರಾನಿನ ಜನ ಊಟದೊಡನೆ ದೂಘ್ ಎಂಬ ಪಾನೀಯವನ್ನು ಕುಡಿಯುತ್ತಾರೆ. ಮೊಸರಿಗೆ ನೀರು ಬೆರೆಸಿ, ಉಪ್ಪು ಹಾಕಿ, ಪುದೀನ ಸೇರಿಸಿದ ಅದು ನಮ್ಮ ನೀರುಮಜ್ಜಿಗೆಯೇ. ನೆಯೆಸ್ತಾನಿ, ನಿಕೂಯೆ ಮತ್ತು ಸಂಗಡಿಗರು ಎರಡನೆಯ ಬಗೆಯ ಮಧುಮೇಹವುಳ್ಳ 90 ಮಂದಿಯನ್ನು ಮೂರು ಗುಂಪು ಮಾಡಿದರು. ಎಲ್ಲರೂ 12 ವಾರಗಳ ಕಾಲ ದಿನಕ್ಕೆರಡು ಬಾರಿ 250 ಮಿಲಿಲೀಟರಿನಷ್ಟು ಮಜ್ಜಿಗೆಯನ್ನು ಕುಡಿದರು. ಒಂದು ಗುಂಪಿಗೆ ಬರಿಯ ಮಜ್ಜಿಗೆ. ಇನ್ನೊಂದಕ್ಕೆ ಪ್ರತಿ ಸಲವೂ 500 ಅಂತರರಾಷ್ಟ್ರೀಯ ಮಾನದಷ್ಟು ‘ಡಿ’ ಬೆರೆಸಿದ ಮಜ್ಜಿಗೆ. ಮೂರನೆಯದಕ್ಕೆ ‘ಡಿ’ಯೊಡನೆ ಹೆಚ್ಚಿನ ಕ್ಯಾಲ್ಸಿಯಂ ಕೂಡ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ‘ಡಿ’ ಪಡೆದ ಎರಡು ಗುಂಪುಗಳಲ್ಲಿಯೂ ಬರಿಹೊಟ್ಟೆಯ ಸಕ್ಕರೆಯೂ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಹಿಮೋಗ್ಲೋಬಿನ್ ಮಾನವೂ ಇಳಿದವು. ಅದೇ ತಂಡವು ಮುಂದೆ ಪ್ರಕಟಿಸಿದ ಮತ್ತೊಂದು ಪ್ರಬಂಧದಲ್ಲಿ ರಕ್ತದಲ್ಲಿನ ಉತ್ಕರ್ಷಣದ ಗುರುತುಗಳೂ ತಗ್ಗಿದುದನ್ನು ತೋರಿಸಿತು. ಈ ಗುರುತುಗಳಲ್ಲಿ ಮುಖ್ಯವಾದುದು ಮೇಲೋನ್‌ಡೈಆಲ್ಡಿಹೈಡ್. ಕೊಬ್ಬು ಕನರಿದಾಗ ಹುಟ್ಟುವ ಪದಾರ್ಥವದು. ಹಳೆಯ ಎಣ್ಣೆಯ ಡಬ್ಬಿಯಲ್ಲಿ ಹುಟ್ಟುವುದೇ ಮಧುಮೇಹಿಯ ರಕ್ತದಲ್ಲಿಯೂ ಸಿಕ್ಕುತ್ತದೆಂದರೆ ಮೊದಲು ಹೇಳಿದ ಉಪಮೆ ಬರಿಯ ಉಪಮೆಯಲ್ಲವೆಂದು ವಾಚಕರಿಗೆ ಮನವರಿಕೆಯಾಗುವುದು.

ಆದರೆ ಇಲ್ಲಿಯೇ ವಿವೇಕ ಬೇಕು. ತೊಂಬತ್ತು ಮಂದಿ, ಹನ್ನೆರಡು ವಾರ. ಇದರ ಆಧಾರದ ಮೇಲೆ ಕೋಟ್ಯಂತರ ಜನರಿಗೆ ಮಾತು ಕೊಡಲಾಗದು. ರಕ್ತದಲ್ಲಿ ಒಂದು ಗುರುತು ತಗ್ಗುವುದು ಬೇರೆ, ಕಣ್ಣು ಉಳಿಯುವುದು ಬೇರೆ. ಅಲ್ಲದೆ ‘ಡಿ’ ಕಡಿಮೆಯಿರುವವರಲ್ಲಿ ಮಧುಮೇಹ ಹೆಚ್ಚೆಂಬ ಸಮೀಕ್ಷೆಗಳಿಂದ, ಅದರ ಕೊರತೆಯೇ ಮಧುಮೇಹಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ‘ಡಿ’ ಕೊಬ್ಬಿನಲ್ಲಿ ಕರಗುವ ಪದಾರ್ಥ. ಸ್ಥೂಲಕಾಯರಲ್ಲಿ ಅದು ಕೊಬ್ಬಿನಲ್ಲೇ ಹಂಚಿಹೋಗಿ ರಕ್ತದಲ್ಲಿ ವಿರಳವಾಗುತ್ತದೆ. ನಡಿಗೆಯಿಲ್ಲದವನು ಬಿಸಿಲನ್ನೂ ಕಾಣುವುದಿಲ್ಲ. ಸ್ಥೂಲತೆಯೂ ಜಡತೆಯೂ ಮಧುಮೇಹವನ್ನೂ ತರುತ್ತವೆ, ‘ಡಿ’ಯನ್ನೂ ಇಳಿಸುತ್ತವೆ. ಯಾವುದು ಕಾರಣ, ಯಾವುದು ಜೊತೆಗಾರ ಎಂಬುದನ್ನು ಬೇರ್ಪಡಿಸಲು ದೊಡ್ಡ ಪರೀಕ್ಷೆಗಳೇ ಬೇಕಾದವು.

ಅಂತಹ ಪರೀಕ್ಷೆಯೊಂದು 2019ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಮಧುಮೇಹದ ಪೂರ್ವಾವಸ್ಥೆಯಲ್ಲಿದ್ದ 2,423 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 4,000 ಮಾನದ ‘ಡಿ-3’ಯನ್ನೂ ಉಳಿದವರಿಗೆ ಹುಸಿ ಗುಳಿಗೆಯನ್ನೂ ಕೊಟ್ಟು ಸುಮಾರು ಎರಡೂವರೆ ವರ್ಷ ಗಮನಿಸಲಾಯಿತು. ‘ಡಿ’ ಪಡೆದವರಲ್ಲಿ 293 ಮಂದಿಗೆ, ಪಡೆಯದವರಲ್ಲಿ 323 ಮಂದಿಗೆ ಮಧುಮೇಹ ತಗಲಿತು. ಈ ವ್ಯತ್ಯಾಸವು ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಚಿಕ್ಕದು. ನಿರಾಶೆಯ ಫಲಿತಾಂಶವೆಂದು ಹಲವರು ಬಗೆದರು. ಆದರೆ ಆ ಜನರಲ್ಲಿ ಮುಕ್ಕಾಲಿಗೂ ಹೆಚ್ಚು ಮಂದಿಗೆ ಮೊದಲಿನಿಂದಲೇ ‘ಡಿ’ಯ ಕೊರತೆ ಇರಲಿಲ್ಲವೆಂಬುದನ್ನು ಮರೆಯಬಾರದು. ತುಂಬಿದ ಕೆರೆಗೆ ನೀರು ಬಿಟ್ಟು ಬೆಳೆ ಹೆಚ್ಚಲಿಲ್ಲವೆಂದರೆ ನೀರಿನದೇನು ತಪ್ಪು? ಇಂತಹ ಮೂರು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ನಡೆದ ವಿಶ್ಲೇಷಣೆಯಲ್ಲಿ, ಪೂರ್ವಾವಸ್ಥೆಯವರು ಮಧುಮೇಹಕ್ಕೆ ಜಾರುವ ಸಂಭವವು ‘ಡಿ’ಯಿಂದ ಶೇಕಡ 15ರಷ್ಟು ಕಡಿಮೆಯಾಗುವುದು ಕಂಡುಬಂದಿತು. 2024ರಲ್ಲಿ ಅಮೆರಿಕದ ಅಂತಃಸ್ರಾವ ತಜ್ಞರ ಸಂಘವು ತನ್ನ ನಿರ್ದೇಶಿಕೆಯಲ್ಲಿ ಹೆಚ್ಚಿನ ಅಪಾಯವಿರುವ ಪೂರ್ವಾವಸ್ಥೆಯವರಿಗೆ ‘ಡಿ’ಯನ್ನು ಸೂಚಿಸಿದೆ. ಅದೇ ನಿರ್ದೇಶಿಕೆಯು ಆರೋಗ್ಯವಂತರೆಲ್ಲರ ರಕ್ತದಲ್ಲಿ ‘ಡಿ’ಯನ್ನು ವಾಡಿಕೆಯಾಗಿ ಅಳೆಯುವುದು ಅನಾವಶ್ಯಕವೆಂದೂ ಹೇಳಿದೆ. ಮಧುಮೇಹ ಈಗಾಗಲೇ ಬೇರೂರಿದವರಲ್ಲಿ ಫಲವು ಮಿಶ್ರವಾಗಿದೆ: ಕೊರತೆಯಿದ್ದವರಿಗೆ ಅಲ್ಪಸ್ವಲ್ಪ ಉಪಕಾರ, ಕೊರತೆಯಿಲ್ಲದವರಿಗೆ ಗಣನೀಯವಾದುದೇನೂ ಇಲ್ಲ.

ಉತ್ಕರ್ಷಣ ನಿರೋಧಕವೆಂಬ ಹಣೆಪಟ್ಟಿಯನ್ನು ಕಂಡೊಡನೆ ಗುಳಿಗೆ ಕೊಳ್ಳುವವರು ಇನ್ನೊಂದು ಚರಿತ್ರೆಯನ್ನೂ ತಿಳಿದಿರಬೇಕು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ಯಾರೆಟ್ಟಿನ ಬಣ್ಣವಾದ ಬೀಟಾ ಕ್ಯಾರೊಟಿನ್ ಗುಳಿಗೆಯು ಶ್ವಾಸಕೋಶದ ಕ್ಯಾನ್ಸರನ್ನು ತಡೆಯುವುದಿರಲಿ, ಶೇಕಡ 18ರಷ್ಟು ಹೆಚ್ಚಿಸಿತು. ಜೀವಸತ್ವ ‘ಇ’ಯು ಮಧುಮೇಹಿಗಳ ಹೃದಯವನ್ನು ಕಾಪಾಡೀತೆಂಬ ನಿರೀಕ್ಷೆಯೂ 2000ದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಹುಸಿಯಾಯಿತು. ಪ್ರನಾಳದಲ್ಲಿ ಕಿಡಿಯನ್ನು ಆರಿಸಿದ್ದೆಲ್ಲ ದೇಹದಲ್ಲಿಯೂ ಆರಿಸಬೇಕೆಂಬ ನಿಯಮವಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡುವುದೇ ಕಿಡಿಯನ್ನು ಮೂಲದಲ್ಲಿ ತಡೆಯುವ ಉಪಾಯ. ಮಿಕ್ಕವು ಅದಕ್ಕೆ ಬೆಂಬಲ ಮಾತ್ರ.

ಹಾಗಾದರೆ ‘ಡಿ’ಯನ್ನು ಅಲಕ್ಷಿಸಬಹುದೇ? ಖಂಡಿತವಾಗಿಯೂ ಇಲ್ಲ. ಕೊರತೆಯಿರುವವರು ಅದನ್ನು ತುಂಬಿಕೊಳ್ಳಲೇಬೇಕು. ಮೂಳೆ ಮತ್ತು ಸ್ನಾಯುಗಳಿಗೆ ಅದು ಅನಿವಾರ್ಯವೆಂಬುದರಲ್ಲಿ ಯಾವ ವಿವಾದವೂ ಇಲ್ಲ. ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 20 ನ್ಯಾನೊಗ್ರಾಮಿಗಿಂತ ಕೆಳಗಿದ್ದರೆ ಅದನ್ನು ಸಾಮಾನ್ಯವಾಗಿ ಕೊರತೆಯೆಂದು ಗಣಿಸುತ್ತಾರೆ. ಸೂರ್ಯನಿಗೆ ಬಡತನವಿಲ್ಲದ ನಮ್ಮ ನಾಡಿನಲ್ಲಿ ಇಷ್ಟೊಂದು ಜನರಿಗೆ ಕೊರತೆ ಏಕೆಂದು ಕೇಳಬಹುದು. ನಸುಗಪ್ಪು ಚರ್ಮದ ಬಣ್ಣವು ಕಿರಣಗಳನ್ನು ಹೀರಿಕೊಳ್ಳುತ್ತದೆ, ಮೈತುಂಬ ಬಟ್ಟೆ, ದಿನವಿಡೀ ಸೂರಿನ ಕೆಳಗಿನ ಕೆಲಸ, ವಯಸ್ಸಾದಂತೆ ಚರ್ಮದ ತಯಾರಿಕಾ ಶಕ್ತಿಯೂ ಕುಂದುತ್ತದೆ. ಇದರ ಮೇಲೆ ಒಂದು ತಪ್ಪು ಕಲ್ಪನೆ ಬೇರೆ. ಎಳೆಬಿಸಿಲಿನಲ್ಲಿ ‘ಡಿ’ ಹೇರಳವೆಂದು ಅನೇಕರು ನಂಬಿದ್ದಾರೆ. ಸೂರ್ಯ ಕೆಳಗಿರುವಾಗ ಕಿರಣಗಳು ವಾತಾವರಣದಲ್ಲಿ ದೂರ ಸಾಗಿ ಬರಬೇಕಾಗಿ, ಬೇಕಾದ ‘ಬಿ’ ವರ್ಗದ ಕಿರಣಗಳು ದಾರಿಯಲ್ಲೇ ಸೋಸಿಹೋಗುತ್ತವೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಮಾತ್ರ ಅವು ಧಾರಾಳವಾಗಿ ನೆಲವನ್ನು ಮುಟ್ಟುತ್ತವೆ. ಕರ್ನಾಟಕದ ಅಕ್ಷಾಂಶದಲ್ಲಿ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಅಂತಹ ಹೊತ್ತು ಉಂಟು. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ. ಗಾಜು ಆ ಕಿರಣಗಳನ್ನು ಬಿಡುವುದಿಲ್ಲ. ಮುಖಕ್ಕೆ ನೆರಳು ಮಾಡಿಕೊಂಡು, ಕೈಕಾಲುಗಳನ್ನು ಬಿಸಿಲಿಗೆ ಒಡ್ಡಿ, ಚರ್ಮ ಕೆಂಪೇರುವ ಮೊದಲೇ ಎದ್ದು ಬರುವುದು ಕ್ರಮ.

ಇಲ್ಲಿ ಮಧುಮೇಹಿಗಳಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕಾಗಿದೆ. ಕಾಲಿನ ನರಗಳು ಮಂಕಾದವರಿಗೆ ಸುಡುವ ಕಲ್ಲಿನ ಬಿಸಿ ತಿಳಿಯುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಂತಹ ಬಂಡೆಯ ಬೆಟ್ಟವನ್ನು ನಡುಹಗಲಿನಲ್ಲಿ ಬರಿಗಾಲಿನಲ್ಲಿ ಏರಿದರೆ ಅಂಗಾಲಿನಲ್ಲಿ ಬೊಬ್ಬೆಯೆದ್ದು, ಅದು ಹುಣ್ಣಾಗಿ, ಕೊನೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಪ್ರಸಂಗವೂ ಬರಬಹುದು. ಇಂತಹವರು ಬೆಳಗಿನ ತಂಪಿನಲ್ಲೇ, ದಪ್ಪ ಕಾಲುಚೀಲ ಧರಿಸಿ ದರ್ಶನಕ್ಕೆ ಹೋಗಿ, ಇಳಿದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳತಕ್ಕದ್ದು. ‘ಡಿ’ಗಾಗಿ ಬಿಸಿಲು ಕಾಯಿಸಲು ಮನೆಯ ಜಗುಲಿಯೇ ಸಾಕು.

ಬಿಸಿಲಿನಿಂದ ಸಾಲದಾದಾಗ ಔಷಧಿಯ ಪ್ರಶ್ನೆ ಏಳುತ್ತದೆ. ಮೀನು ಮೊಟ್ಟೆಗಳನ್ನು ಬಿಟ್ಟರೆ ಸಹಜ ಆಹಾರದಲ್ಲಿ ‘ಡಿ’ ಅತ್ಯಲ್ಪ. ಹಾಲು, ತುಪ್ಪಗಳಲ್ಲಿ ಇರುವುದು ಲೆಕ್ಕಕ್ಕೆ ಬಾರದಷ್ಟು. ರಾಗಿ, ಎಳ್ಳುಗಳಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿದೆ, ‘ಡಿ’ ಇಲ್ಲ. ಬಿಸಿಲಿಗೊಡ್ಡಿದ ಅಣಬೆಯಲ್ಲಿ ‘ಡಿ-2’ ಉಂಟಾದರೂ ಅದು ನಮ್ಮ ಅಡಿಗೆಮನೆಯನ್ನು ಸೇರುವಂತಹುದಲ್ಲ. ಈಗ ‘ಎ’ ಮತ್ತು ‘ಡಿ’ ಬೆರೆಸಿದ ಹಾಲು, ಅಡಿಗೆ ಎಣ್ಣೆಗಳು ಮಾರುಕಟ್ಟೆಯಲ್ಲಿವೆ. ಆದರೆ ಇವುಗಳಿಂದ ದೊರೆಯುವ ಪ್ರಮಾಣವು ಕೊರತೆಯನ್ನು ತುಂಬಲು ಸಾಲದು. ವಯಸ್ಕರಿಗೆ ದಿನಕ್ಕೆ 600 ಮಾನ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿಗದಿಮಾಡಿತು.

ಔಷಧಿಯ ‘ಡಿ-3’ ಬಹುಪಾಲು ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕತ್ತರಿಸಿದ ಉಣ್ಣೆಯನ್ನು ತೊಳೆದಾಗ ದೊರೆಯುವ ಜಿಡ್ಡಿನಿಂದ ಕೊಲೆಸ್ಟರಾಲನ್ನು ಬೇರ್ಪಡಿಸಿ, ಮಾರ್ಪಡಿಸಿ, ನೇರಳಾತೀತ ಕಿರಣವನ್ನು ಹಾಯಿಸುತ್ತಾರೆ. ನಮ್ಮ ಚರ್ಮ ಮಾಡುವ ಕೆಲಸವನ್ನೇ ಕಾರ್ಖಾನೆಯೂ ಮಾಡುತ್ತದೆ. ಉಣ್ಣೆ ತೆಗೆಯಲು ಕುರಿಯನ್ನು ಕೊಲ್ಲಬೇಕಿಲ್ಲವಾದರೂ, ಅದು ಪ್ರಾಣಿಮೂಲವೆಂಬುದು ನಿಜ. ‘ಡಿ-2’ ಯೀಸ್ಟಿನಿಂದ ಆಗುತ್ತದೆ. ರಕ್ತದ ಮಟ್ಟವನ್ನು ಏರಿಸುವುದರಲ್ಲಿ ಅದು ‘ಡಿ-3’ಗಿಂತ ಹಿಂದೆ. ಕಲ್ಲುಹೂವಿನ ಜಾತಿಯ ಲೈಕೆನ್ನಿನಿಂದ ತಯಾರಾದ ‘ಡಿ-3’ಯೂ ಈಗ ದೊರೆಯುತ್ತದೆ, ಬೆಲೆ ಹೆಚ್ಚು. ಇವೆಲ್ಲಕ್ಕಿಂತ ಮುಖ್ಯವಾಗಿ ವಿಚಾರಿಸಬೇಕಾದುದು ಹೊರಗಿನ ಮೆತ್ತನೆಯ ಕೋಶವನ್ನು. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಆಗಿರುವುದು ಸಾಮಾನ್ಯ. ಆಹಾರಪೂರಕವೆಂದು ಮಾರುವ ವಸ್ತುಗಳ ಮೇಲೆ ಸಸ್ಯಾಹಾರದ ಹಸಿರು ಗುರುತು ಇರುತ್ತದೆ. ಔಷಧವೆಂದು ಮಾರುವುದಕ್ಕೆ ಆ ಕಟ್ಟಳೆಯಿಲ್ಲ. ಆದುದರಿಂದ ಪುಡಿಯ ಪೊಟ್ಟಣವನ್ನೋ ದ್ರವರೂಪದ್ದನ್ನೋ ಬರೆದುಕೊಡಿರೆಂದು ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು. ಸಂಕೋಚದಿಂದ ಕೇಳದೆ ತಂದು, ಮನೆಯಲ್ಲಿ ತಿಳಿದು, ಸದ್ದಿಲ್ಲದೆ ಬಿಸುಡುವವರೇ ಹೆಚ್ಚು. ಹಾಗೆ ಮಾಡಿದಾಗ ವ್ರತವೇನೋ ಉಳಿಯುತ್ತದೆ, ಮೂಳೆ ಸವೆಯುತ್ತದೆ. ಔಷಧಿ ತಿನ್ನುತ್ತಿದ್ದಾರೆಂದೇ ವೈದ್ಯರು ನಂಬಿರುತ್ತಾರೆ.

ಉಪವಾಸದ ದಿನಗಳ ವಿಷಯ. ‘ಡಿ’ಯು ದೇಹದ ಕೊಬ್ಬಿನಲ್ಲಿ ಸಂಗ್ರಹವಾಗಿ ವಾರಗಟ್ಟಲೆ ಇರುವುದರಿಂದ, ಪರ್ವದಿನದಲ್ಲಿ ಗುಳಿಗೆಯನ್ನು ಬಿಟ್ಟರೆ ಯಾವ ಹಾನಿಯೂ ಇಲ್ಲ. ವಾರದ ಔಷಧಿ ಅಷ್ಟಮಿಗೋ ಚತುರ್ದಶಿಗೋ ಬಿದ್ದರೆ ಮರುದಿನ ಪಾರಣೆಯ ಊಟದೊಡನೆ ಸೇವಿಸಬಹುದು. ಏಕಾಶನದವರು ಆ ಒಂದು ಊಟದಲ್ಲಿಯೇ, ಸ್ವಲ್ಪ ತುಪ್ಪ ಅಥವಾ ಎಣ್ಣೆ ಇರುವ ಪದಾರ್ಥದೊಡನೆ ತೆಗೆದುಕೊಂಡರೆ ಚೆನ್ನಾಗಿ ಹೀರಲ್ಪಡುತ್ತದೆ. ಆದರೆ ಮಧುಮೇಹದ ಔಷಧಿಗಳ ವಿಷಯದಲ್ಲಿ ಈ ಸ್ವಾತಂತ್ರ್ಯ ಇಲ್ಲ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆಗಳನ್ನು ಪಡೆಯುವವರು ಅನ್ನ ಬಿಟ್ಟರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಪಡೆಯುವವರು ನೀರನ್ನೂ ತ್ಯಜಿಸಿದರೆ ದೇಹ ಒಣಗಿ ರಕ್ತ ಆಮ್ಲೀಯವಾಗುವ ಅಪಾಯವುಂಟು. ಮೊದಲನೆಯ ಬಗೆಯ ಮಧುಮೇಹದವರು ಇನ್ಸುಲಿನ್ನನ್ನು ಸಂಪೂರ್ಣ ನಿಲ್ಲಿಸುವುದು ಪ್ರಾಣಾಂತಕ. ಉಪವಾಸದಿಂದ ಉತ್ಕರ್ಷಣ ತಗ್ಗುತ್ತದೆಂಬ ಮಾತನ್ನು ಓದಿ ಉತ್ಸಾಹಗೊಂಡವರು ಇದನ್ನು ಮೊದಲು ತಿಳಿಯಬೇಕು. ಸಕ್ಕರೆ 70 ಮಿಲಿಗ್ರಾಮಿಗಿಂತ ಇಳಿದರೆ ಅಥವಾ 300ನ್ನು ಮೀರಿದರೆ ಉಪವಾಸವನ್ನು ಬಿಡಬೇಕೆಂಬುದು ವೈದ್ಯರ ನಿಲುವು. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೆಂಬುದೊಂದು ಇರುವುದು ಇಂತಹವರಿಗಾಗಿಯೇ ಎನಿಸುತ್ತದೆ. ಬಾಹ್ಯ ತಪಸ್ಸು ಆರು ವಿಧ. ಅನಶನ ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆತುಂಬ ಉಣ್ಣದ ಅವಮೌದರ್ಯ, ಸಿಹಿಯನ್ನೋ ಎಣ್ಣೆಯನ್ನೋ ಬಿಡುವ ರಸಪರಿತ್ಯಾಗ, ಇವು ಮಧುಮೇಹಿಗೆ ಅಪಾಯವಿಲ್ಲದೆ ಸಾಧ್ಯ.

ಕೊನೆಯದಾಗಿ ಪ್ರಮಾಣದ ಮಾತು. ಬಿಸಿಲಿನಿಂದ ‘ಡಿ’ ಅತಿಯಾಗುವುದಿಲ್ಲ. ಹೆಚ್ಚಾದುದನ್ನು ಬಿಸಿಲೇ ಚರ್ಮದಲ್ಲಿ ಒಡೆದುಹಾಕುತ್ತದೆ. ಗುಳಿಗೆಗೆ ಆ ಕಡಿವಾಣವಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ 60,000 ಮಾನದ ಔಷಧಿಯು ವಾರಕ್ಕೊಮ್ಮೆ, ಅದೂ ಕೆಲವೇ ವಾರಗಳ ಮಟ್ಟಿಗೆ. ಅದನ್ನು ತಪ್ಪಾಗಿ ದಿನವೂ ನುಂಗಿ, ಅಥವಾ ಹಳೆಯ ಚೀಟಿಯನ್ನೇ ಹಿಡಿದು ವರ್ಷಗಟ್ಟಲೆ ಮುಂದುವರಿಸಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರುಂಟು. ಹಸಿವು ಕುಗ್ಗುವುದು, ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ ಮತ್ತು ಮೂತ್ರ, ಮಂಕು, ಇವು ಅದರ ಲಕ್ಷಣಗಳು. ಬಾಯಾರಿಕೆಯನ್ನೂ ಮೂತ್ರವನ್ನೂ ಕಂಡು ಸಕ್ಕರೆಯೇ ಏರಿದೆಯೆಂದು ಮಧುಮೇಹಿ ಭಾವಿಸುವ ಸಂಭವವಿರುವುದರಿಂದ ಕ್ಯಾಲ್ಸಿಯಂ ಪರೀಕ್ಷೆಯನ್ನೂ ಮಾಡಿಸಬೇಕು. ಮಧುಮೇಹದಿಂದ ಮೂತ್ರಪಿಂಡ ದುರ್ಬಲವಾದವರಲ್ಲಿ ಎರಡನೆಯ ಸಂಸ್ಕಾರ ಸರಿಯಾಗಿ ನಡೆಯದು. ಮೂತ್ರದಲ್ಲಿ ಪ್ರೋಟೀನು ಸೋರುವಾಗ ‘ಡಿ’ಯನ್ನು ಹೊತ್ತೊಯ್ಯುವ ಪ್ರೋಟೀನೂ ಸೋರಿಹೋಗುತ್ತದೆ. ಅವರಿಗೆ ಬೇಕಾದ ರೂಪವೂ ಪ್ರಮಾಣವೂ ಬೇರೆ. ಅಂಗಡಿಯಿಂದ ತಾವಾಗಿಯೇ ಕೊಂಡು ತಿನ್ನಲಾಗದು. ಉಳಿದವರು ವೈದ್ಯರು ಹೇಳಿದ ವಾರಗಳು ಮುಗಿದ ಬಳಿಕ, ಸುಮಾರು ಮೂರು ತಿಂಗಳಿಗೆ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿಕೊಂಡು, ಮಟ್ಟ ಸರಿಹೋಗಿದ್ದರೆ ದಿನದ ಅಲ್ಪ ಪ್ರಮಾಣಕ್ಕೆ ಇಳಿಯಬಹುದು.